ಲಾಬಿದಾರರ ಸಾರ್ವಜನಿಕ ನೋಂದಣಿ: ಮುಂಬಯಿ ಮಹಾನಗರದ ಹಿನ್ನೆಲೆಯಲ್ಲಿ

ಸರ್ಕಾರದ ನೀತಿ, ಕಾನೂನು, ತೆರಿಗೆ, ಪರವಾನಗಿ ಅಥವಾ ಗುತ್ತಿಗೆ ತಮಗೆ ಅನುಕೂಲವಾಗಿ ರೂಪುಗೊಳ್ಳಲಿ ಎಂದು ಮಂತ್ರಿಗಳನ್ನೂ ಶಾಸಕರನ್ನೂ ಅಧಿಕಾರಿಗಳನ್ನೂ ಕಂಡು ಒತ್ತಾಯಿಸುವ ಕೆಲಸಕ್ಕೆ ಲಾಬಿ ಎನ್ನುತ್ತಾರೆ. ಸಂಬಳಕ್ಕೋ ಸಂಭಾವನೆಗೋ ಈ ಕೆಲಸ ಮಾಡುವವರು ತಮ್ಮ ಹೆಸರು, ಯಾರ ಪರವಾಗಿ ಬಂದವರು, ಯಾವ ವಿಷಯಕ್ಕೆ ಯಾರನ್ನು ಕಂಡರು, ಎಷ್ಟು ಖರ್ಚು ಮಾಡಿದರು ಎಂಬುದನ್ನು ಯಾರು ಬೇಕಾದರೂ ನೋಡಬಹುದಾದ ದಾಖಲೆ ಪುಸ್ತಕದಲ್ಲಿ ಬರೆಸಬೇಕೆಂಬ ಕಾನೂನಿನ ಏರ್ಪಾಡೇ ಲಾಬಿದಾರರ ಸಾರ್ವಜನಿಕ ನೋಂದಣಿ. ಅಮೆರಿಕ, ಕೆನಡಾ, ಐರ್ಲೆಂಡ್, ಚಿಲಿ, ಜರ್ಮನಿ, ಫ್ರಾನ್ಸ್ ಮುಂತಾದ ದೇಶಗಳಲ್ಲಿ ಇದು ಬೇರೆ ಬೇರೆ ರೂಪದಲ್ಲಿ ಜಾರಿಯಲ್ಲಿದೆ. ಭಾರತದಲ್ಲಿ ಕೇಂದ್ರ ಸರ್ಕಾರದ ಮಟ್ಟದಲ್ಲೂ ಇಲ್ಲ, ಮಹಾರಾಷ್ಟ್ರದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ.

ಇದರ ಅಗತ್ಯವನ್ನು ಅರಿಯಲು ಮುಂಬಯಿಗಿಂತ ಒಳ್ಳೆಯ ನಿದರ್ಶನ ಸಿಗದು. ಬ್ಯಾಂಕುಗಳಿಗೆ ನಿಯಮ ಬರೆಯುವ ರಿಸರ್ವ್ ಬ್ಯಾಂಕ್ ಫೋರ್ಟಿನಲ್ಲಿದೆ, ಷೇರುಪೇಟೆಗೆ ನಿಯಮ ಬರೆಯುವ ಸೆಬಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿದೆ. ರಾಜ್ಯದ ಆಡಳಿತ ನಡೆಯುವ ಮಂತ್ರಾಲಯವೂ ಕಾನೂನು ಅಂಗೀಕಾರವಾಗುವ ವಿಧಾನಭವನವೂ ನರಿಮನ್ ಪಾಯಿಂಟಿನ ಬದಿಯಲ್ಲಿವೆ. 2025-26ಕ್ಕೆ 74,427 ಕೋಟಿ ರೂಪಾಯಿಯ ಬಜೆಟ್ ಮಂಡಿಸಿದ ಬೃಹನ್ಮುಂಬಯಿ ಮಹಾನಗರ ಪಾಲಿಕೆಯ ಕಟ್ಟಡ ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿಗೇ ನಿಂತಿದೆ. ದೇಶದ ಅತಿದೊಡ್ಡ ಉದ್ಯಮ ಸಮೂಹಗಳ ಮುಖ್ಯ ಕಚೇರಿಗಳೂ ಇದೇ ಊರಿನಲ್ಲಿವೆ. ನಿಯಮ ಬರೆಯುವವರೂ ಆ ನಿಯಮದಿಂದ ಕೋಟಿಗಟ್ಟಲೆ ಗಳಿಸುವ ಅಥವಾ ಕಳೆದುಕೊಳ್ಳುವವರೂ ಅರ್ಧ ಗಂಟೆಯ ದಾರಿಯಲ್ಲಿರುವ ನಗರವಿದು.

ಈ ನಗರದಲ್ಲಿ ಮಧ್ಯವರ್ತಿಯ ಕಸುಬು ಹಳೆಯದು, ಮತ್ತು ಬಹುಮಟ್ಟಿಗೆ ನೋಂದಣಿಗೆ ಒಳಪಟ್ಟದ್ದು. ಷೇರು ದಲ್ಲಾಳಿಗೆ ಸೆಬಿಯ ನೋಂದಣಿ ಬೇಕು. ವಿಮಾ ದಲ್ಲಾಳಿಗೂ ನೋಂದಣಿ ಬೇಕು. 2016ರ ರೇರಾ ಕಾಯ್ದೆಯ 9ನೇ ಕಲಮಿನ ಪ್ರಕಾರ ಮನೆ-ಜಾಗ ಕೊಡಿಸುವ ಎಸ್ಟೇಟ್ ಏಜೆಂಟನೂ ಹೆಸರು ನೋಂದಾಯಿಸಿಕೊಳ್ಳಬೇಕು. 2017ರಿಂದ ಮಹಾರೇರಾ ಆ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದೆ. ಬೊರಿವಲಿಯಲ್ಲೋ ಮುಲುಂಡಿನಲ್ಲೋ ಒಂದು ಫ್ಲ್ಯಾಟು ತೋರಿಸಿ ಕಮಿಷನ್ ಪಡೆಯುವವನಿಗೆ ನೋಂದಣಿ ಸಂಖ್ಯೆ ಬೇಕು. ಆ ಕಟ್ಟಡ ಎಷ್ಟು ಮಹಡಿ ಏರಬಹುದು ಎನ್ನುವ ಎಫ್‌ಎಸ್‌ಐ ನಿಯಮವನ್ನೇ ಬದಲಾಯಿಸಲು ಮಂತ್ರಾಲಯಕ್ಕೆ ಎಡತಾಕುವವನಿಗೆ ಏನೂ ಬೇಡ. ಸಣ್ಣ ದಲ್ಲಾಳಿಗೆ ಹೆಸರುಪಟ್ಟಿ, ದೊಡ್ಡ ದಲ್ಲಾಳಿಗೆ ಅನಾಮಧೇಯತೆ: ಇದು ಪ್ರಜಾಪ್ರಭುತ್ವಕ್ಕೆ ಒಪ್ಪುವ ವ್ಯವಸ್ಥೆಯಲ್ಲ ಎಂಬುದೇ ಈ ಲೇಖನದ ನಿಲುವು.

ಹೆಸರು ಹೇಳಿಕೊಂಡ ಹಿತಾಸಕ್ತಿಗಳು

ಮುಂಬಯಿಯ ವ್ಯಾಪಾರಿಗಳು ಸರ್ಕಾರದ ಬಾಗಿಲು ತಟ್ಟಲು ಸಂಘ ಕಟ್ಟಿಕೊಂಡದ್ದು ಬಹಳ ಮುಂಚೆ. ಬ್ರಿಟಿಷ್ ವರ್ತಕರು ಮುಂದಾಗಿ ಬಾಂಬೆ ಚೇಂಬರ್ ಆಫ್ ಕಾಮರ್ಸನ್ನು ಕಟ್ಟಿದ್ದು 1836ರಲ್ಲಿ. ಬಟ್ಟೆ ಗಿರಣಿಗಳ ಮಾಲೀಕರ ಸಂಘ 1875ರಲ್ಲಿ, ಭಾರತೀಯ ವರ್ತಕರ ಇಂಡಿಯನ್ ಮರ್ಚೆಂಟ್ಸ್ ಚೇಂಬರ್ 1907ರಲ್ಲಿ ಹುಟ್ಟಿದವು. ಆಗಿನ ಆಳ್ವಿಕೆ ಈ ಹಿತಾಸಕ್ತಿಗಳನ್ನು ಮುಚ್ಚಿಡಲಿಲ್ಲ, ಕುರ್ಚಿ ಕೊಟ್ಟು ಕೂರಿಸಿತು. 1888ರ ಮುಂಬಯಿ ಪಾಲಿಕೆ ಕಾಯ್ದೆ 72 ಸದಸ್ಯರ ಸಭೆಯಲ್ಲಿ 2 ಸ್ಥಾನಗಳನ್ನು ಚೇಂಬರ್ ಆಫ್ ಕಾಮರ್ಸಿಗೆ ಬಿಟ್ಟುಕೊಟ್ಟಿತ್ತು. 1919ರ ಸುಧಾರಣೆಗಳ ನಂತರದ ಮುಂಬಯಿ ಶಾಸನ ಪರಿಷತ್ತಿನಲ್ಲಿ ಚೇಂಬರುಗಳಿಗೂ ಗಿರಣಿ ಮಾಲೀಕರ ಸಂಘಕ್ಕೂ ಪ್ರತ್ಯೇಕ ಪ್ರತಿನಿಧಿಗಳಿದ್ದರು. ಆ ಏರ್ಪಾಡು ಅನ್ಯಾಯದ್ದು. ಬಹುಜನಕ್ಕೆ ಮತವೇ ಇಲ್ಲದಿದ್ದಾಗ ಹಣವಂತರಿಗೆ ಎರಡೆರಡು ದಾರಿ ತೆರೆದಿದ್ದವು. ಆದರೂ ಸಭೆಯಲ್ಲಿ ಎದ್ದು ನಿಂತವನು ಯಾರ ಪರ ಮಾತಾಡುತ್ತಿದ್ದಾನೆ ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ವಯಸ್ಕ ಮತಾಧಿಕಾರ ಬಂದಾಗ ಆ ಸ್ಥಾನಗಳು ಹೋದವು, ಹೋಗಬೇಕಾದದ್ದೇ. ಹಿತಾಸಕ್ತಿ ಮಾತ್ರ ಹೋಗಲಿಲ್ಲ, ಅದಕ್ಕಿದ್ದ ಹೆಸರಿನ ಫಲಕವಷ್ಟೇ ಹೋಯಿತು.

ಬಹಿರಂಗವಾಗಿ ಲಾಬಿ ಮಾಡುವುದು ಸಾಧ್ಯ ಎನ್ನಲು 1944ರ ಬಾಂಬೆ ಪ್ಲಾನ್ ಸಾಕ್ಷಿ. ಪುರುಷೋತ್ತಮದಾಸ್ ಠಾಕುರ್‌ದಾಸ್, ಜೆ.ಆರ್.ಡಿ. ಟಾಟಾ, ಜಿ.ಡಿ. ಬಿರ್ಲಾ, ಅರ್ದೇಶಿರ್ ದಲಾಲ್, ಶ್ರೀರಾಮ್, ಕಸ್ತೂರ್‌ಭಾಯಿ ಲಾಲ್‌ಭಾಯಿ, ಎ.ಡಿ. ಶ್ರಾಫ್, ಜಾನ್ ಮಥಾಯಿ ಎಂಬ ಎಂಟು ಮಂದಿ ತಮ್ಮ ಹೆಸರು ಹಾಕಿ, ಸ್ವತಂತ್ರ ಭಾರತ 15 ವರ್ಷಗಳಲ್ಲಿ 10,000 ಕೋಟಿ ರೂಪಾಯಿ ತೊಡಗಿಸಬೇಕು ಎಂದು ಅಚ್ಚುಹಾಕಿದ ಪುಸ್ತಕದಲ್ಲೇ ಕೇಳಿದರು. ಒಪ್ಪುವವರು ಒಪ್ಪಿದರು, ಬೈಯುವವರು ಬೈದರು. ಎರಡಕ್ಕೂ ಆಧಾರವಾಗಿ ಕೈಯಲ್ಲಿ ಒಂದು ಪಠ್ಯವಿತ್ತು. 1993ರಲ್ಲಿ ಉದಾರೀಕರಣದ ಕಾಲಕ್ಕೆ ವಿದೇಶಿ ಕಂಪನಿಗಳ ಎದುರು ಸಮಾನ ಅವಕಾಶ ಬೇಕೆಂದು ಒಟ್ಟುಗೂಡಿದ, ರಾಹುಲ್ ಬಜಾಜ್ ಮುಂದಾಳಾಗಿದ್ದ ಉದ್ಯಮಿಗಳ ಗುಂಪನ್ನು ಪತ್ರಿಕೆಗಳು ಬಾಂಬೆ ಕ್ಲಬ್ ಎಂದು ಕರೆದವು. ಅವರ ಬೇಡಿಕೆಯೂ ಗುಟ್ಟಾಗಿರಲಿಲ್ಲ.

ನಡುವಿನ ನಾಲ್ಕು ದಶಕ, ಅಂದರೆ ಲೈಸೆನ್ಸ್ ಮತ್ತು ಕೋಟಾಗಳ ಕಾಲ, ಬೇರೆ ಕತೆ. 1957ರಲ್ಲಿ ಹೊಸದಾಗಿ ರಾಷ್ಟ್ರೀಕರಣಗೊಂಡಿದ್ದ ಎಲ್‌ಐಸಿ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರಿಗೆ ಒಂದು ಕೋಟಿ ರೂಪಾಯಿಗೂ ಮಿಗಿಲಾದ ಹಣ ಸುರಿದದ್ದನ್ನು ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಎತ್ತಿದರು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಮುಂಬಯಿಯಲ್ಲೇ ಬಹಿರಂಗ ವಿಚಾರಣೆ ನಡೆಸಿದರು. ಈ ಹೂಡಿಕೆಗೆ ಮಂತ್ರಿಯ ಒಪ್ಪಿಗೆ ಇತ್ತೋ ಇಲ್ಲವೋ ಎಂಬಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರ ಮಾತಿಗೂ ಅವರದೇ ಕಾರ್ಯದರ್ಶಿಯ ಮಾತಿಗೂ ತಾಳೆಯಾಗಲಿಲ್ಲ. ಹೊಣೆ ಮಂತ್ರಿಯದೇ ಎಂದು ಛಾಗ್ಲಾ ಹೇಳಿದರು. 1958ರ ಫೆಬ್ರವರಿಯಲ್ಲಿ ಮಂತ್ರಿ ರಾಜೀನಾಮೆ ಕೊಟ್ಟರು. ಯಾರು ಯಾರನ್ನು ಕಂಡು ಏನು ಹೇಳಿದರು ಎಂಬುದಕ್ಕೆ ಅಂದಂದಿನ ಬರಹವಿಲ್ಲದಿದ್ದರೆ, ಆಮೇಲೆ ನೆನಪುಗಳ ನಡುವಿನ ಜಗಳವೇ ಉಳಿಯುತ್ತದೆ ಎಂಬುದನ್ನು ಸ್ವತಂತ್ರ ಭಾರತ ಮೊದಲು ಕಂಡದ್ದು ಆ ವಿಚಾರಣೆಯಲ್ಲಿ. ಸಿಮೆಂಟಿಗೆ ನಿಯಂತ್ರಣವಿದ್ದ 1981ರಲ್ಲಿ ಬಿಲ್ಡರುಗಳು ಮುಖ್ಯಮಂತ್ರಿ ಎ.ಆರ್. ಅಂತುಳೆಯವರ ಟ್ರಸ್ಟಿಗೆ ಕೊಟ್ಟ ದೇಣಿಗೆಗೂ ಅವರಿಗೆ ಸಿಕ್ಕ ಸಿಮೆಂಟಿಗೂ ಸಂಬಂಧವಿದೆ ಎಂಬ ಆರೋಪ ಪತ್ರಿಕೆಯಲ್ಲಿ ಬಂತು. 1982ರ ಜನವರಿಯಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಲೆಂಟಿನ್ ಅವರ ತೀರ್ಪಿನ ಬೆನ್ನಿಗೆ ಅಂತುಳೆ ಹುದ್ದೆ ಬಿಟ್ಟರು.

ಎನ್ರಾನ್: ಅಮೆರಿಕದಲ್ಲಿ ತಿಳಿದ ಲೆಕ್ಕ

ರತ್ನಾಗಿರಿ ಜಿಲ್ಲೆಯ ಗುಹಾಗರ್ ತಾಲ್ಲೂಕಿನ ದಾಭೋಳ್ ವಿದ್ಯುತ್ ಯೋಜನೆಯ ಮಾತುಕತೆ ನಡೆದದ್ದು ಮುಂಬಯಿಯಲ್ಲಿ. 1992ರ ಜೂನಿನಲ್ಲಿ ಅಮೆರಿಕದ ಎನ್ರಾನ್ ಕಂಪನಿಯ ತಂಡ ಬಂದಿಳಿದ ಕೆಲವೇ ದಿನಗಳಲ್ಲಿ, 20ನೇ ತಾರೀಖಿಗೆ, ಮಹಾರಾಷ್ಟ್ರ ವಿದ್ಯುತ್ ಮಂಡಳಿ ಒಡಂಬಡಿಕೆಗೆ ಸಹಿ ಹಾಕಿತು. ಟೆಂಡರ್ ಕರೆಯಲಿಲ್ಲ, ಪೈಪೋಟಿ ಇರಲಿಲ್ಲ. ಈ ಯೋಜನೆ ಆರ್ಥಿಕವಾಗಿ ಹೊಂದದು ಎಂದು ವಿಶ್ವಬ್ಯಾಂಕು 1993ರಲ್ಲಿ ಸಾಲ ಕೊಡಲು ಒಪ್ಪಲಿಲ್ಲ. ಆದರೂ ಅದೇ ವರ್ಷದ ಡಿಸೆಂಬರಿನಲ್ಲಿ ವಿದ್ಯುತ್ ಖರೀದಿ ಒಪ್ಪಂದವಾಯಿತು.

1995ರಲ್ಲಿ ಎನ್ರಾನಿನ ಉಪಾಧ್ಯಕ್ಷೆ ಲಿಂಡಾ ಪವರ್ಸ್ ಅಮೆರಿಕದ ಸಂಸತ್ತಿನ ಸಮಿತಿಯೊಂದರ ಎದುರು ಸಾಕ್ಷ್ಯ ನುಡಿಯುತ್ತ, ಭಾರತದವರಿಗೆ ಇಂಥ ಯೋಜನೆಗಳ ಬಗ್ಗೆ ತಿಳಿವಳಿಕೆ ಕೊಡುವುದಕ್ಕೂ ಯೋಜನೆ ಕುದುರಿಸುವುದಕ್ಕೂ ಕಂಪನಿ ಸುಮಾರು 2 ಕೋಟಿ ಡಾಲರ್ ಖರ್ಚು ಮಾಡಿದೆ ಎಂದರು. ಈ ಮಾತು ಕೇಳಿ ಮಹಾರಾಷ್ಟ್ರದಲ್ಲಿ ಕೋಲಾಹಲವೆದ್ದಿತು. ತಿಳಿವಳಿಕೆ ಪಡೆದವರು ಯಾರು? ಯಾವ ಸಭೆಗೆ, ಯಾವ ಪ್ರವಾಸಕ್ಕೆ, ಯಾವ ಸಲಹೆಗಾರನಿಗೆ ಎಷ್ಟು ಹೋಯಿತು? ಉತ್ತರ ಸಿಗಲಿಲ್ಲ. ಅದು ಲಂಚವೆಂದು ಯಾವ ನ್ಯಾಯಾಲಯವೂ ತೀರ್ಮಾನಿಸಿಲ್ಲ, ಕಂಪನಿ ಕೊನೆಯವರೆಗೂ ಅದನ್ನು ನ್ಯಾಯವಾದ ಖರ್ಚೆಂದೇ ಹೇಳಿತು. ಗೋಪಿನಾಥ ಮುಂಡೆ ಸಮಿತಿಯ ವರದಿಯ ಮೇಲೆ 1995ರ ಆಗಸ್ಟಿನಲ್ಲಿ ಸರ್ಕಾರ ಯೋಜನೆ ರದ್ದು ಮಾಡಿತು. ಕೆಲವೇ ತಿಂಗಳಲ್ಲಿ ಮತ್ತೆ ಮಾತುಕತೆಗೆ ಕುಳಿತು ಇನ್ನೂ ದೊಡ್ಡದಾದ ಯೋಜನೆಗೆ ಒಪ್ಪಿಗೆ ಕೊಟ್ಟಿತು. 1999ರಲ್ಲಿ ವಿದ್ಯುತ್ ಬಂತು, 2001ರ ಮೇ ತಿಂಗಳಲ್ಲಿ ಬೆಲೆ ತಾಳಲಾರದೆ ಮಂಡಳಿ ಖರೀದಿ ನಿಲ್ಲಿಸಿತು. ಮಾಧವ ಗೋಡಬೋಲೆ ಸಮಿತಿ ಆಡಳಿತದ ಹಲವು ಹಂತಗಳು ಕೈಕೊಟ್ಟದ್ದನ್ನು ಎತ್ತಿ ತೋರಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಎನ್ರಾನೇ ದಿವಾಳಿಯೆದ್ದಿತು.

ಮಹಾರಾಷ್ಟ್ರದ ವಿದ್ಯುತ್ ಬಿಲ್ಲು ಕಟ್ಟುವವರಿಗೆ ಸಂಬಂಧಿಸಿದ ಆ ಒಂದು ಅಂಕಿ ಹೊರಬಿದ್ದದ್ದು ವಾಷಿಂಗ್ಟನ್ನಿನಲ್ಲಿ. 2012ರಲ್ಲೂ ಹೀಗೇ ಆಯಿತು. ವಾಲ್‌ಮಾರ್ಟ್ ಕಂಪನಿ 2008ರಿಂದೀಚೆ ಅಮೆರಿಕದಲ್ಲಿ ನಾನಾ ವಿಷಯಗಳಿಗೆ ಲಾಬಿ ಮಾಡಲು ಸುಮಾರು 2.5 ಕೋಟಿ ಡಾಲರ್ ವ್ಯಯಿಸಿದೆ, ಆ ವಿಷಯಗಳಲ್ಲಿ ಭಾರತದ ಚಿಲ್ಲರೆ ಮಾರುಕಟ್ಟೆಗೆ ಪ್ರವೇಶವೂ ಒಂದು ಎಂಬುದು ಅಲ್ಲಿನ ನೋಂದಣಿ ಪುಸ್ತಕದಿಂದ ತಿಳಿದು ನಮ್ಮ ಸಂಸತ್ತು ಗದ್ದಲದಲ್ಲಿ ಮುಳುಗಿತು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರನ್ನು ವಿಚಾರಣೆಗೆ ನೇಮಿಸಿತು, ಭಾರತದಲ್ಲಿ ಏನು ನಡೆಯಿತೆಂಬುದು ಖಚಿತವಾಗಲಿಲ್ಲ. ಖಚಿತವಾಗುವುದಾದರೂ ಹೇಗೆ, ಇಲ್ಲಿ ಬರೆದಿಟ್ಟ ಪುಸ್ತಕವೇ ಇಲ್ಲದಿರುವಾಗ?

ಗಿರಣಿ ಜಮೀನಿನ ಕೆಲವು ಪದಗಳು

ಲಾಬಿ ಎಂದರೆ ದೊಡ್ಡ ಕಂತೆಯ ವ್ಯವಹಾರವೇ ಆಗಬೇಕಿಲ್ಲ. ಒಂದು ನಿಯಮದಲ್ಲಿ ನಾಲ್ಕು ಪದ ಕೂಡಿದರೆ ಒಂದು ನಗರದ ಚಹರೆ ಬದಲಾಗಬಹುದು. ಮುಂಬಯಿಯ ನಟ್ಟನಡುವಿನ ಪರೇಲ್, ಲಾಲ್‌ಬಾಗ್, ವರ್ಲಿ, ಬೈಕುಲ್ಲಾಗಳಲ್ಲಿ 58 ಬಟ್ಟೆ ಗಿರಣಿಗಳ ಸುಮಾರು 600 ಎಕರೆ ಜಮೀನಿತ್ತು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ನಿಂತವು, ಜಮೀನಿನ ಬೆಲೆ ಮಾತ್ರ ಏರುತ್ತ ಹೋಯಿತು.

1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೇ ನಿಯಮ ಒಂದು ನ್ಯಾಯವಾದ ಹಂಚಿಕೆ ಮಾಡಿತ್ತು. ಗಿರಣಿಯ ಜಾಗ ಬೇರೆ ಬಳಕೆಗೆ ಹೋಗುವುದಾದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಪಾಲಿಕೆಗೆ, ಮೈದಾನ-ಉದ್ಯಾನಗಳಿಗಾಗಿ, ಇನ್ನೊಂದು ಪಾಲು ರಾಜ್ಯದ ವಸತಿ ಸಂಸ್ಥೆಯಾದ ಮ್ಹಾಡಾಕ್ಕೆ, ಬಡವರ ಮನೆಗಳಿಗಾಗಿ, ಉಳಿದದ್ದು ಮಾಲೀಕರಿಗೆ. ಉಸಿರಾಡಲು ಜಾಗವಿಲ್ಲದ ನಗರಕ್ಕೆ ಮತ್ತೆ ಸಿಗದಂಥ ಅವಕಾಶ ಅದು. 2001ರಲ್ಲಿ ಸರ್ಕಾರ ನಿಯಮ ತಿದ್ದಿತು. ಹಂಚಿಕೆ ಇಡೀ ಜಮೀನಿಗಲ್ಲ, ಕಟ್ಟಡಗಳಿರುವ ಜಾಗ ಬಿಟ್ಟು ಖಾಲಿ ಇದ್ದ ಜಾಗಕ್ಕೆ ಮಾತ್ರ ಎಂದಾಯಿತು. ಗಿರಣಿಯ ಶೆಡ್ಡು, ಗೋದಾಮು, ಚಿಮಣಿಗಳು ನಿಂತಿದ್ದ ನೆಲವೆಲ್ಲ ಲೆಕ್ಕದಿಂದ ಹೊರಗೆ. ಸಾರ್ವಜನಿಕರ ಪಾಲು ಒಂದೇ ಏಟಿಗೆ ಕುಗ್ಗಿತು. ಹಳೆಯ ನಿಯಮದಡಿ ಮಾಲೀಕರು ಜಮೀನು ಮಾರಲು ಮುಂದೆ ಬರುತ್ತಿಲ್ಲ, ಕಾರ್ಮಿಕರ ಬಾಕಿ ತೀರುತ್ತಿಲ್ಲ, ಅದಕ್ಕೇ ಈ ತಿದ್ದುಪಡಿ ಎಂಬುದು ಸರ್ಕಾರದ ಸಮರ್ಥನೆ. ಬಾಂಬೆ ಎನ್ವಿರಾನ್‌ಮೆಂಟಲ್ ಆ್ಯಕ್ಷನ್ ಗ್ರೂಪ್ ನ್ಯಾಯಾಲಯಕ್ಕೆ ಹೋಯಿತು. 2005ರ ಅಕ್ಟೋಬರಿನಲ್ಲಿ ಹೈಕೋರ್ಟ್ ಹಳೆಯ ಹಂಚಿಕೆಯ ಪರ ತೀರ್ಪು ಕೊಟ್ಟರೆ, 2006ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ತಿದ್ದಿದ ನಿಯಮವನ್ನೇ ಎತ್ತಿಹಿಡಿಯಿತು.

ನಿಯಮ ಸಿಂಧುವೋ ಅಸಿಂಧುವೋ ಎಂಬ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಟ್ಟಿದೆ, ಅದನ್ನು ಒಪ್ಪಲೇಬೇಕು. ಬೇರೊಂದು ಪ್ರಶ್ನೆ ಹಾಗೇ ಉಳಿಯಿತು: ‘ಖಾಲಿ ಜಾಗ’ ಎಂಬ ಆ ಪದಗಳನ್ನು ಮೊದಲು ಸೂಚಿಸಿದವರು ಯಾರು, ಯಾವ ತಿಂಗಳು, ಯಾರ ಮೇಜಿನ ಮೇಲೆ? ಮಾಲೀಕರ ಸಂಘ ಕೇಳಿದ್ದರೆ ಅದು ಅವರ ಹಕ್ಕು. ಕಾರ್ಮಿಕ ಸಂಘ ಕೇಳಿದ್ದರೂ ಹಾಗೇ. ಕೇಳಿದವರು ಯಾರೆಂದು 2001ರಲ್ಲೇ ಊರಿಗೆ ತಿಳಿದಿದ್ದರೆ ವಾದವು ನಾಲ್ಕು ವರ್ಷ ತಡವಾಗಿ ನ್ಯಾಯಾಲಯದಲ್ಲಿ ಅಲ್ಲ, ತಿದ್ದುಪಡಿ ಆಗುವ ಮೊದಲೇ ವಿಧಾನಭವನದಲ್ಲೂ ಲಾಲ್‌ಬಾಗಿನ ಬೀದಿಯಲ್ಲೂ ನಡೆಯುತ್ತಿತ್ತು. ಇಂದು ಆ ಜಮೀನಿನಲ್ಲಿ ಮಾಲ್‌ಗಳೂ ಗಾಜಿನ ಗೋಪುರಗಳೂ ನಿಂತಿವೆ.

ಇದಕ್ಕೆ ಹೋಲಿಸಿದರೆ 2021ರ ಜನವರಿಯ ನಿರ್ಧಾರ ಸ್ವಲ್ಪ ಬೆಳಕಿನಲ್ಲಿ ನಡೆಯಿತು. ಬಿಲ್ಡರುಗಳು ಕಟ್ಟುವ ಪ್ರೀಮಿಯಂ ಶುಲ್ಕವನ್ನು ರಾಜ್ಯ ಸಂಪುಟ ಆ ವರ್ಷಾಂತ್ಯದವರೆಗೆ ಶೇ. 50ರಷ್ಟು ಇಳಿಸಿದಾಗ, ಶಿಫಾರಸು ಮಾಡಿದ್ದು ದೀಪಕ್ ಪಾರೇಖ್ ಸಮಿತಿ ಎಂಬುದು ತಿಳಿದಿತ್ತು, ಕೊಳ್ಳುವವರ ಸ್ಟಾಂಪ್ ಡ್ಯೂಟಿಯನ್ನು ಬಿಲ್ಡರೇ ಭರಿಸಬೇಕೆಂಬ ಷರತ್ತೂ ಇತ್ತು. ಕೆಲವರಿಗಷ್ಟೇ ಲಾಭ ಎಂದು ವಿರೋಧ ಪಕ್ಷ ಆಕ್ಷೇಪಿಸಲು ಸಾಧ್ಯವಾದದ್ದೂ ಇಷ್ಟು ತಿಳಿದಿದ್ದರಿಂದಲೇ.

ಇರುವ ಕಾನೂನು, ಇಲ್ಲದ ಕಾನೂನು

ಭಾರತದ ಕಾನೂನು ವಶೀಲಿಯನ್ನು ಕಂಡೇ ಇಲ್ಲವೆನ್ನಲಾಗದು. ಸರ್ಕಾರಿ ನೌಕರಿ ಕೊಡಿಸುತ್ತೇನೆಂದು ಹಣ ಪಡೆಯುವ ಒಪ್ಪಂದ ಅಸಿಂಧು ಎಂಬ ಉದಾಹರಣೆ 1872ರ ಕರಾರು ಕಾಯ್ದೆಯ 23ನೇ ಕಲಮಿನಲ್ಲೇ ಇದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿದ 7ಎ ಕಲಮು, ವೈಯಕ್ತಿಕ ಪ್ರಭಾವ ಬಳಸಿ ಅಧಿಕಾರಿಯಿಂದ ಕೆಲಸ ಮಾಡಿಸಿಕೊಡಲು ಅನುಚಿತ ಲಾಭ ಪಡೆಯುವುದನ್ನು ಅಪರಾಧವೆನ್ನುತ್ತದೆ. ಆದರೆ ಸಂಭಾವನೆ ಪಡೆದು, ಅಂಕಿಅಂಶ ಮುಂದಿಟ್ಟು, ನೀತಿ ಬದಲಿಸಿ ಎಂದು ವಾದಿಸುವ ವೃತ್ತಿ ನ್ಯಾಯಬದ್ಧವೋ ಅಲ್ಲವೋ ಎಂಬುದನ್ನು ಯಾವ ಕಾನೂನೂ ಬಿಡಿಸಿ ಹೇಳಿಲ್ಲ. ಪ್ರಾಮಾಣಿಕ ಸಲಹೆಗಾರನೂ ಸೂಟ್‌ಕೇಸ್ ಹೊರುವವನೂ ಒಂದೇ ಮಬ್ಬಿನಲ್ಲಿ ನಿಂತಿರುತ್ತಾರೆ. ಮುಂಬಯಿಯ ಕಂಪನಿಗಳಲ್ಲಿ ಈ ಕೆಲಸಕ್ಕೆ ಲಿಯೇಸನಿಂಗ್ ಎಂದೋ ಕಾರ್ಪೊರೇಟ್ ಅಫೇರ್ಸ್ ಎಂದೋ ಹೆಸರಿರುತ್ತದೆ, ಬೋರ್ಡಿನ ಮೇಲೆ ಲಾಬಿ ಎಂದು ಬರೆಯುವವರಿಲ್ಲ.

2008-09ರಲ್ಲಿ ಆದಾಯ ತೆರಿಗೆ ಇಲಾಖೆ ಧ್ವನಿಮುದ್ರಿಸಿಕೊಂಡ, ಉದ್ಯಮ ಸಮೂಹಗಳ ಪರ ಲಾಬಿ ಮಾಡುತ್ತಿದ್ದ ನೀರಾ ರಾಡಿಯಾ ಅವರ ದೂರವಾಣಿ ಸಂಭಾಷಣೆಗಳು 2010ರ ನವೆಂಬರಿನಲ್ಲಿ ನಿಯತಕಾಲಿಕಗಳಲ್ಲಿ ಬಂದಾಗ, ಮುಂಬಯಿಯ ಉದ್ಯಮ ಸಮೂಹಗಳಿಗೂ ದೆಹಲಿಯ ಅಧಿಕಾರಕ್ಕೂ ನಡುವಿನ ಮಾತುಕತೆ ಹೇಗಿರುತ್ತದೆಂದು ದೇಶ ಮೊದಲ ಬಾರಿಗೆ ಕಿವಿಯಾರೆ ಕೇಳಿತು. ತಮ್ಮ ಖಾಸಗಿತನದ ಹಕ್ಕಿಗೆ ಧಕ್ಕೆಯಾಯಿತೆಂದು ರತನ್ ಟಾಟಾ ಸುಪ್ರೀಂ ಕೋರ್ಟಿನ ಮೊರೆಹೋದರು. ಸಂಭಾಷಣೆಗಳ ಕುರಿತ ಪ್ರಾಥಮಿಕ ತನಿಖೆಗಳಲ್ಲಿ ಅಪರಾಧ ಕಂಡುಬಂದಿಲ್ಲ ಎಂದು ಸಿಬಿಐ 2022ರಲ್ಲಿ ನ್ಯಾಯಾಲಯಕ್ಕೆ ತಿಳಿಸಿತು. ಈ ಪ್ರಕರಣದಿಂದ ಕಲಿಯಬೇಕಾದ್ದು ಇದು: ಕಾನೂನುಬದ್ಧ ದಾಖಲೆಯಿಲ್ಲದ ಕಡೆ ಸತ್ಯ ತಿಳಿಯಲು ಫೋನ್ ಕದ್ದಾಲಿಕೆಯೇ ದಾರಿಯಾಗುತ್ತದೆ, ಅದರಲ್ಲಿ ಸಾರ್ವಜನಿಕ ವಿಷಯದ ಜೊತೆಗೆ ಮನೆಮಾತೂ ಬೀದಿಗೆ ಬರುತ್ತದೆ. ಇಂಥ ವಿಷಯಕ್ಕೆ ಇಂಥವರನ್ನು ಕಂಡೆ ಎಂಬ ಒಂದು ಸಾಲು ಪುಸ್ತಕದಲ್ಲಿದ್ದರೆ ಯಾರ ಮನೆಯ ಗೋಡೆಗೂ ಕಿವಿ ಹಚ್ಚಬೇಕಾಗುವುದಿಲ್ಲ.

ಆ ಗದ್ದಲಗಳ ನಂತರ ಒಡಿಶಾದ ಲೋಕಸಭಾ ಸದಸ್ಯ ಕಾಲಿಕೇಶ್ ನಾರಾಯಣ್ ಸಿಂಗ್ ದೇವ್ 2013ರಲ್ಲಿ ಲಾಬಿ ಚಟುವಟಿಕೆಗಳನ್ನು ಬಹಿರಂಗಪಡಿಸುವ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಅದು ಮುಂದೆ ಸಾಗಲಿಲ್ಲ. 1970ರ ನಂತರ ಯಾವ ಖಾಸಗಿ ಸದಸ್ಯರ ಮಸೂದೆಯೂ ಸಂಸತ್ತಿನಲ್ಲಿ ಕಾನೂನಾಗಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ನೋಂದಣಿಯ ಒಂದು ಪ್ರಯೋಗ ರಕ್ಷಣಾ ಇಲಾಖೆಯಲ್ಲಿ ಆಗಿತ್ತು. ಬೋಫೋರ್ಸ್ ಹಗರಣದ ನೆರಳಿನಲ್ಲಿ ಏಜೆಂಟರನ್ನು ದೂರವಿಟ್ಟಿದ್ದ ಸರ್ಕಾರ, 2001ರಲ್ಲಿ ಅವರು ಹೆಸರು, ಆದಾಯ, ಬ್ಯಾಂಕ್ ಖಾತೆಗಳ ವಿವರ ಕೊಟ್ಟು ನೋಂದಾಯಿಸಿಕೊಳ್ಳಬಹುದೆಂದಿತು. ಮುಂದೆ ಬಂದವರಿರಲಿಲ್ಲ. ಬರೆಸದವನಿಗೆ ಯಾವ ತೊಂದರೆಯೂ ಇಲ್ಲ, ಬರೆಸಿದವನಿಗೆ ಮಾತ್ರ ತೊಂದರೆ ಎಂಬಂತಿದ್ದರೆ ಪುಸ್ತಕ ಖಾಲಿಯೇ ಉಳಿಯುತ್ತದೆ.

ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಹೇಳುತ್ತದೆ. ಕರಡು ಮಸೂದೆಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎಂಬ ಕೇಂದ್ರದ ನೀತಿ 2014ರದು. ಸೆಬಿ ಮತ್ತು ರಿಸರ್ವ್ ಬ್ಯಾಂಕ್ ಕರಡು ನಿಯಮಗಳನ್ನು ಪ್ರಕಟಿಸಿ ಅಭಿಪ್ರಾಯ ಕೇಳುವ ರೂಢಿ ಇಟ್ಟುಕೊಂಡಿವೆ, ಈ ವಿಷಯದಲ್ಲಿ ಅವು ಮಂತ್ರಾಲಯಕ್ಕಿಂತ ಮುಂದಿವೆ. ಆದರೆ ಕರಡು ಹುಟ್ಟುವ ಮೊದಲು ನಡೆಯುವ ಭೇಟಿಗಳ ಲೆಕ್ಕ ಇವುಗಳಲ್ಲಿ ಯಾವುದೂ ಕೇಳುವುದಿಲ್ಲ. ಇದರ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣಕ್ಕೆ ಹೆಸರುಗಳನ್ನು ತಡೆಹಿಡಿಯಲು ಅನುವು ಮಾಡಿಕೊಟ್ಟಿದೆ.

ಮಂತ್ರಾಲಯದ ಗೇಟು

ಕುತೂಹಲದ ಸಂಗತಿಯೆಂದರೆ ಒಂದು ರಿಜಿಸ್ಟರು ಈಗಾಗಲೇ ಇದೆ. ಮಂತ್ರಾಲಯಕ್ಕೆ ಹೋಗಬೇಕಾದವರು ಮೊದಲು ಗೇಟಿನ ಕೌಂಟರಿನಲ್ಲಿ ಸರದಿ ನಿಂತು, ಗುರುತಿನ ಚೀಟಿ ತೋರಿಸಿ, ಫೋಟೊ ತೆಗೆಸಿಕೊಂಡು ಪಾಸು ಪಡೆಯುತ್ತಿದ್ದರು. 2025ರಿಂದ ಡಿಜಿ ಪ್ರವೇಶ್ ಎಂಬ ಆ್ಯಪ್ ಬಂದಿದೆ, ಬಾಗಿಲಲ್ಲಿ ಮುಖ ಗುರುತಿಸುವ ಯಂತ್ರ ಕೂತಿದೆ. ಜಳಗಾವಿನಿಂದಲೋ ಸೋಲಾಪುರದಿಂದಲೋ ರಾತ್ರಿ ಬಸ್ಸಿನಲ್ಲಿ ಬಂದ ರೈತ ಆಧಾರ್ ಸಂಖ್ಯೆ ಕೊಟ್ಟು, ಹೋಗಬೇಕಾದ ಇಲಾಖೆ ಹೇಳಿ, ಸಂದರ್ಶಕರ ಹೊತ್ತಿಗೆ ಕಾದು ಒಳಗೆ ಹೋಗುತ್ತಾನೆ. ಅವನ ಮುಖ, ಹೆಸರು, ಸಮಯ ಎಲ್ಲ ದಾಖಲು. ಇದು ಭದ್ರತೆಯ ಪುಸ್ತಕ, ಪೊಲೀಸರಿಗಾಗಿ. ಜನರಿಗೆ ನೋಡಲು ಸಿಗದು. ಯಾರ ಪರವಾಗಿ ಬಂದಿರಿ, ಯಾವ ನಿಯಮದ ಬಗ್ಗೆ ಮಾತಾಡುವಿರಿ ಎಂದು ಅದು ಕೇಳುವುದೂ ಇಲ್ಲ. ದೊಡ್ಡ ಕೆಲಸವಿದ್ದವರು ಆ ಸರದಿಗೆ ಬರಬೇಕಾದ ಅಗತ್ಯವೂ ಇಲ್ಲ. ಮಲಬಾರ್ ಹಿಲ್ಲಿನ ಬಂಗಲೆಗಳಿವೆ, ಕ್ಲಬ್ಬುಗಳಿವೆ, ಚಳಿಗಾಲದ ಅಧಿವೇಶನ ನಡೆಯುವ ನಾಗಪುರದ ಹೋಟೆಲುಗಳಿವೆ. ಆದ್ದರಿಂದ ನೋಂದಣಿ ಗೇಟಿಗೆ ಅಂಟಿಕೊಂಡರೆ ಪ್ರಯೋಜನವಿಲ್ಲ, ಮಾತಾಡಿದ ವಿಷಯಕ್ಕೆ ಅಂಟಿಕೊಳ್ಳಬೇಕು.

ಸಂದರ್ಶಕರ ಪುಸ್ತಕಕ್ಕೆ ಎಷ್ಟು ತೂಕವಿದೆ ಎಂಬುದನ್ನು 2014ರಲ್ಲಿ ಸುಪ್ರೀಂ ಕೋರ್ಟ್ ತೋರಿಸಿಕೊಟ್ಟಿತು. ಸಿಬಿಐ ನಿರ್ದೇಶಕರ ಮನೆಯ ಸಂದರ್ಶಕರ ದಾಖಲೆ ನ್ಯಾಯಾಲಯದ ಮುಂದೆ ಬಂದ ಮೇಲೆ, ಅವರು 2ಜಿ ತನಿಖೆಯಿಂದ ದೂರವಿರಬೇಕೆಂದು ಪೀಠ ಆದೇಶಿಸಿತು.

ಆಹಾರ್: ನಮ್ಮವರದೇ ಉದಾಹರಣೆ

ಲಾಬಿ ಎಂದೊಡನೆ ಕೆಟ್ಟದ್ದೆಂದುಕೊಳ್ಳುವವರು ಮುಂಬಯಿಯ ಹೋಟೆಲಿಗರ ಸಂಘ ಆಹಾರ್ ಕಡೆ ನೋಡಬೇಕು. ಕರಾವಳಿಯಿಂದ ಬಂದ ತುಳು-ಕನ್ನಡಿಗರು ಕಟ್ಟಿ ಬೆಳೆಸಿದ ಹೋಟೆಲು ಉದ್ಯಮದ ದನಿ ಅದು. ಒಂದು ಹೋಟೆಲು ನಡೆಯಲು ಗುಮಾಸ್ತಾ ಲೈಸನ್ಸು, ಪಾಲಿಕೆಯ ಆರೋಗ್ಯ ಲೈಸನ್ಸು, ಅಗ್ನಿಶಾಮಕ ದಳದ ಒಪ್ಪಿಗೆ, ಪರ್ಮಿಟ್ ರೂಮ್ ಇದ್ದರೆ ಅಬಕಾರಿಯ ಎಫ್‌ಎಲ್-3 ಪರವಾನಗಿ ಎಲ್ಲ ಬೇಕು. ಇಷ್ಟೊಂದು ಬಾಗಿಲುಗಳ ಎದುರು ಒಂಟಿಯಾಗಿ ನಿಂತರೆ ಕೆಲಸ ನಡೆಯದು, ಸಂಘ ಬೇಕೇ ಬೇಕು. 2005ರಲ್ಲಿ ಸರ್ಕಾರ ಡ್ಯಾನ್ಸ್ ಬಾರ್ ನಿಷೇಧಿಸಿದಾಗ ಆಹಾರ್ ಬಹಿರಂಗವಾಗಿಯೇ ನ್ಯಾಯಾಲಯಕ್ಕೆ ಹೋಯಿತು. 2006ರಲ್ಲಿ ಹೈಕೋರ್ಟಿನಲ್ಲೂ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ನಿಷೇಧ ಬಿದ್ದುಹೋಯಿತು. ಮದ್ಯದ ಮೇಲಿನ ವ್ಯಾಟ್ ಶೇ. 5ರಿಂದ 10ಕ್ಕೆ ಏರಿದ ಮೇಲೆ ಲೈಸನ್ಸ್ ಶುಲ್ಕವೂ ಅಬಕಾರಿ ಸುಂಕವೂ ಹೆಚ್ಚಿದಾಗ, 2025ರ ಜುಲೈ 14ರಂದು ಪರ್ಮಿಟ್ ರೂಮುಗಳು ಬಾಗಿಲು ಮುಚ್ಚಿ ಪ್ರತಿಭಟಿಸಿದವು. ಬೇಡಿಕೆ ಒಪ್ಪುವುದು ಬಿಡುವುದು ಬೇರೆ ಮಾತು. ಯಾರು ಕೇಳಿದರು, ಏನು ಕೇಳಿದರು, ಯಾಕೆ ಕೇಳಿದರು ಎಂಬುದು ಊರಿಗೆಲ್ಲ ಗೊತ್ತಿತ್ತು. ಇಂಥ ಸಂಘಕ್ಕೆ ನೋಂದಣಿ ಹೊರೆಯಲ್ಲ, ಗೌರವ. ಹಾಗೆಯೇ ಬಡವರೂ ತಮ್ಮ ಬೇಡಿಕೆಯನ್ನು ಬಚ್ಚಿಡುವುದಿಲ್ಲ: 2018ರ ಮಾರ್ಚಿನಲ್ಲಿ ನಾಸಿಕದಿಂದ ನಡೆದು ಆಜಾದ್ ಮೈದಾನ ತಲುಪಿದ ರೈತರು ಎಲ್ಲರ ಕಣ್ಣೆದುರೇ ಕೇಳಿ, ಲಿಖಿತ ಭರವಸೆ ಪಡೆದು ಹಿಂದಿರುಗಿದರು.

ಹೊರಗಿನ ಅನುಭವ

ಅಮೆರಿಕ 1946ರಲ್ಲೇ ಲಾಬಿ ನೋಂದಣಿ ತಂದರೂ ಅದು ಸಡಿಲವಾಗಿತ್ತು. 1995ರ ಕಾಯ್ದೆ ಮತ್ತು 2007ರ ತಿದ್ದುಪಡಿಯ ನಂತರ ಮೂರು ತಿಂಗಳಿಗೊಮ್ಮೆ ವರದಿ ಕಡ್ಡಾಯವಾಯಿತು. ಕೆನಡಾದ ಕಾನೂನು ಹುದ್ದೆ ಬಿಟ್ಟ ಮಂತ್ರಿ ಮತ್ತು ಹಿರಿಯ ಅಧಿಕಾರಿಗಳು ಐದು ವರ್ಷ ಲಾಬಿ ಮಾಡುವಂತಿಲ್ಲ ಎನ್ನುತ್ತದೆ. ಐರ್ಲೆಂಡಿನ 2015ರ ಕಾಯ್ದೆಯಡಿ ವರ್ಷಕ್ಕೆ ಮೂರು ಸಲ ವಿವರ ಸಲ್ಲಿಸಬೇಕು. ಜರ್ಮನಿಯ ಪುಸ್ತಕ 2022ರ ಜನವರಿಯಲ್ಲಿ ತೆರೆಯಿತು.

ಬ್ರಿಟನ್ನಿನ 2014ರ ಕಾಯ್ದೆ ಹೇಗಿರಬಾರದು ಎಂಬುದಕ್ಕೆ ಮಾದರಿ. ಬೇರೆಯವರ ಪರ ವಕಾಲತ್ತು ವಹಿಸುವ ಸಲಹಾ ಸಂಸ್ಥೆಗಳನ್ನಷ್ಟೇ ಅದು ಹಿಡಿಯಿತು, ಕಂಪನಿಯ ಸ್ವಂತ ನೌಕರರನ್ನು ಬಿಟ್ಟಿತು. ಪರಿಣಾಮವಾಗಿ ಮಾಜಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಗ್ರೀನ್‌ಸಿಲ್ ಕಂಪನಿಯ ಪರ ಮಂತ್ರಿಗಳಿಗೆ ಸಂದೇಶ ಕಳುಹಿಸಿದ್ದು 2021ರಲ್ಲಿ ಬಯಲಾದರೂ ನೋಂದಣಿಯ ನಿಯಮ ಮುರಿದಂತಾಗಲಿಲ್ಲ. ಮುಂಬಯಿಯ ಉದ್ಯಮ ಸಮೂಹಗಳು ಈ ಕೆಲಸಕ್ಕೆ ಸ್ವಂತ ವಿಭಾಗಗಳನ್ನೇ ಇಟ್ಟುಕೊಂಡಿರುವುದರಿಂದ ಈ ಪಾಠ ನಮಗೆ ನೇರವಾಗಿ ಸಲ್ಲುತ್ತದೆ. ಚಿಲಿ 2014ರಲ್ಲಿ ದಿಕ್ಕನ್ನೇ ಬದಲಿಸಿತು: ಬರೆದಿಡುವ ಹೊಣೆ ಮುಖ್ಯವಾಗಿ ಅಧಿಕಾರಿಯದು. ಯಾರನ್ನು ಕಂಡೆ, ಯಾವ ಪ್ರವಾಸ ಮಾಡಿದೆ, ಯಾವ ಉಡುಗೊರೆ ಪಡೆದೆ ಎಂಬುದನ್ನು ಅವನು ಪ್ರಕಟಿಸಬೇಕು. ಬರೆಸದೆ ತಪ್ಪಿಸಿಕೊಳ್ಳುವ ಭಾರತದ ಏಜೆಂಟರ ಮಟ್ಟಿಗೆ ಇದೇ ಹೆಚ್ಚು ಹೊಂದುವ ದಾರಿ.

ನಗರ ಮಟ್ಟದಲ್ಲಿ ಟೊರಾಂಟೊ ಅನುಕರಣೀಯ. ಅಲ್ಲಿನ ಪಾಲಿಕೆಯ ಕಂಪ್ಯೂಟರ್ ಗುತ್ತಿಗೆಯ ಹಗರಣವನ್ನು ನ್ಯಾಯಮೂರ್ತಿ ಡೆನಿಸ್ ಬೆಲ್ಲಮಿ ವಿಚಾರಿಸಿ 2005ರಲ್ಲಿ ವರದಿ ಕೊಟ್ಟರು. 2008ರಲ್ಲಿ ನಗರದ ಸ್ವಂತ ಲಾಬಿದಾರರ ನೋಂದಣಿ ಆರಂಭವಾಯಿತು. ಅಂದರೆ ದೆಹಲಿ ಕಾನೂನು ಮಾಡಲಿ ಎಂದು ಮುಂಬಯಿ ಕಾಯಬೇಕಾಗಿಲ್ಲ. ಪಾಲಿಕೆ ಕಾಯ್ದೆ ತಿದ್ದುವ ಅಧಿಕಾರ ರಾಜ್ಯದ ವಿಧಾನಮಂಡಲಕ್ಕಿದೆ. ಪುಸ್ತಕವೊಂದೇ ಪವಾಡ ಮಾಡದು ಎಂಬುದನ್ನೂ ಒಪ್ಪಬೇಕು: ಯುರೋಪಿಯನ್ ಒಕ್ಕೂಟದಲ್ಲಿ 2011ರಿಂದ ನೋಂದಣಿ ಇದ್ದರೂ 2022ರ ಡಿಸೆಂಬರಿನಲ್ಲಿ ಬ್ರಸೆಲ್ಸ್ ಪೊಲೀಸರು ಲಂಚದ ತನಿಖೆಯೊಂದರಲ್ಲಿ ನೋಟಿನ ಚೀಲಗಳನ್ನು ಹಿಡಿದರು. ಲಂಚಕ್ಕೆ ಪೊಲೀಸರೇ ಬೇಕು. ನೋಂದಣಿ ಇರುವುದು ಲಂಚವಲ್ಲದ, ಆದರೆ ಜನ ತಿಳಿಯಲೇಬೇಕಾದ ಪ್ರಭಾವಕ್ಕೆ.

ಮುಂಬಯಿಗೆ ಒಪ್ಪುವ ಪುಸ್ತಕ

ಮೊದಲು ಯಾರನ್ನು ಬಿಡಬೇಕೆಂದು ಹೇಳುವುದು ಒಳ್ಳೆಯದು. ತನ್ನ ಅಂಗಡಿಯ ಲೈಸನ್ಸಿಗೆ ವಾರ್ಡ್ ಆಫೀಸಿಗೆ ಹೋಗುವವನು, ಚಾಳಿನ ಹೌಸಿಂಗ್ ಸೊಸೈಟಿ, ಬೀದಿ ವ್ಯಾಪಾರಿ, ಪತ್ರಕರ್ತ, ಸ್ವಂತ ಖರ್ಚಿನಲ್ಲಿ ಅರ್ಜಿ ಕೊಡುವ ನಾಗರಿಕ ಇವರಾರೂ ನೋಂದಾಯಿಸಬೇಕಾಗಬಾರದು. ಇಲ್ಲದಿದ್ದರೆ ಈ ಪುಸ್ತಕವೇ ಬಡವನನ್ನು ಹೊರಗಿಡುವ ಇನ್ನೊಂದು ಗೇಟಾದೀತು. ಉಳಿದಂತೆ, ಹಣ ಪಡೆದು ಅಥವಾ ಸಂಬಳಕ್ಕೆ ನಿಯಮ, ತೆರಿಗೆ, ಭೂಬಳಕೆ, ಗುತ್ತಿಗೆಗಳ ಬಗ್ಗೆ ಒತ್ತಾಯಿಸುವ ಎಲ್ಲರೂ, ಕಂಪನಿಯವರಾಗಲಿ ಚೇಂಬರಾಗಲಿ ಬಿಲ್ಡರುಗಳ ಸಂಘವಾಗಲಿ ದೊಡ್ಡ ಸ್ವಯಂಸೇವಾ ಸಂಸ್ಥೆಯಾಗಲಿ, ಹೆಸರು ಬರೆಸಬೇಕು. ಮಂತ್ರಿ, ಕಾರ್ಯದರ್ಶಿ, ಪಾಲಿಕೆ ಆಯುಕ್ತ, ನಗರಸೇವಕ ತಮ್ಮ ಭೇಟಿಗಳನ್ನು ಪ್ರಕಟಿಸಬೇಕು. ಪಾಲಿಕೆಯ ಹಿಂದಿನ ಸಭೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೊಬ್ಬರ ಕೈಯಲ್ಲೇ ನಿರ್ಧಾರಗಳೆಲ್ಲ ಇದ್ದವು. ಅಂಥ ಕಾಲದಲ್ಲಿ ಭೇಟಿಯ ದಿನಚರಿಯೊಂದೇ ಜನರಿಗೆ ಉಳಿಯುವ ಕಿಟಕಿ. ಎರಡು ಕಡೆಯ ಬರಹ ಒಂದಕ್ಕೊಂದು ಹೊಂದದಿದ್ದರೆ ತಪ್ಪು ತಾನಾಗಿ ಕಾಣುತ್ತದೆ. ಪುಸ್ತಕದ ಪಾಲಕ ಮಂತ್ರಾಲಯದ ಹೊರಗಿನವನಾಗಿರಬೇಕು. 1971ರಲ್ಲೇ ಲೋಕಾಯುಕ್ತ ಕಾಯ್ದೆ ಮಾಡಿದ ರಾಜ್ಯಕ್ಕೆ ಅಂಥ ಪಾಲಕನನ್ನು ಹುಡುಕುವುದು ಕಷ್ಟವಲ್ಲ.

ವಿರೋಧಿಸುವವರು, ಇದರಿಂದ ಲಾಬಿಗೆ ಸರ್ಕಾರಿ ಮುದ್ರೆ ಬೀಳುತ್ತದೆ ಎನ್ನುತ್ತಾರೆ. ಮುದ್ರೆಯಿಲ್ಲದೆಯೂ ಅದು ಸುಮಾರು ಎರಡು ಶತಮಾನದಿಂದ ನಡೆದಿದೆ. ವ್ಯಾಪಾರದ ಗುಟ್ಟು ಹೊರಬೀಳುತ್ತದೆ ಎಂಬ ಆಕ್ಷೇಪಕ್ಕೆ ಸ್ವಲ್ಪ ತೂಕವಿದೆ, ಆದ್ದರಿಂದ ಭೇಟಿಯ ವಿಷಯ ಬರೆದರೆ ಸಾಕು, ಕಂಪನಿಯ ಒಳಲೆಕ್ಕ ಬೇಡ. ಚುನಾವಣಾ ಬಾಂಡ್ ಪ್ರಕರಣದಲ್ಲಿ ದಾನಿಯ ಖಾಸಗಿತನಕ್ಕೆ ಧಕ್ಕೆ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಒಪ್ಪಲಿಲ್ಲ. ರಾಜಕೀಯ ಪಕ್ಷಕ್ಕೆ ಯಾರು ಹಣ ಕೊಟ್ಟರೆಂದು ತಿಳಿಯುವುದು ಮತದಾರನ ಹಕ್ಕು ಎಂದಿತು. ಹಣ ಕೊಟ್ಟವರ ಹೆಸರು ತಿಳಿಯುವ ಹಕ್ಕಿದ್ದರೆ ನಿಯಮ ಬದಲಿಸಿ ಎಂದು ಕೇಳಿದವರ ಹೆಸರು ತಿಳಿಯುವ ಹಕ್ಕೂ ಇರಲೇಬೇಕು.

ಕಾನೂನು ಬರುವವರೆಗೆ ಓದುಗರ ಕೈಯಲ್ಲಿ ಒಂದು ಸಾಧನವಿದೆ. ಮುಂಬಯಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ನಿಮ್ಮ ಬೀದಿಯ, ನಿಮ್ಮ ಕಸುಬಿನ ನಿಯಮವೊಂದು ಬದಲಾದಾಗ, ಆ ಬದಲಾವಣೆಗೆ ಮೊದಲು ಇಲಾಖೆಗೆ ಬಂದ ಮನವಿಗಳ ಪಟ್ಟಿಯನ್ನೂ ಅವುಗಳ ಮೇಲಿನ ಟಿಪ್ಪಣಿಗಳನ್ನೂ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕೇಳಿ.